ಕುತ್ತಿಗೆಯ ಕಂದುಗುರುತು

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ ನಾನು ತಪ್ಪು ಮಾಡದ ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸಿದೆ. ಲಂಚ ತಿಂದು ಕಳಿಸಲಿಲ್ಲ. ಯಾರೂ ನನ್ನನ್ನು ಒತ್ತಾಯಿಸಲೂ ಇಲ್ಲ. ಒತ್ತಾಯಿಸಿದ್ದರೆ ಇಷ್ಟು ಹೊತ್ತಿಗೆ ಎಲ್ಲವನ್ನೂ ಅವರ ತಲೆಗೆ ಕಟ್ಟಿ ನಾನು ಹಗುರಾಗಿರುತ್ತಿದ್ದೆ.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡ ಮನೆ. ಮನೆಯಲ್ಲಿ ಇಂಗ್ಲಿಷ್ ಓದಿದವನು ನಾನೊಬ್ಬನೇ. ಡಾಕ್ಟರಿಕೆ ಮುಗಿಸಿ ಸರ್ಕಾರಿ ಕೆಲಸ ಸಿಕ್ಕಿದಾಗ ನನ್ನನ್ನು ಹಾಕಿದ್ದು ಸಿದ್ದಾಪುರದಿಂದಾಚೆ, ಎಸ್ಟೇಟುಗಳ ನಡುವಿನ ಒಂದು ಸಣ್ಣ ಆಸ್ಪತ್ರೆಗೆ. ಎಂಟು ಹಾಸಿಗೆ, ಒಬ್ಬ ಕಾಂಪೌಂಡರ್, ಒಬ್ಬ ದಾದಿ. ಹಿಂದುಗಡೆ ಜಿಂಕ್ ಶೀಟಿನ ಶೆಡ್ಡು, ಅದರೊಳಗೆ ಕಲ್ಲಿನ ಮೇಜು. ಮರದಿಂದ ಬಿದ್ದವರು, ಕಾವೇರಿಯಲ್ಲಿ ಮುಳುಗಿದವರು, ಆನೆ ತುಳಿದವರು, ನೇಣು ಹಾಕಿಕೊಂಡವರು ಎಲ್ಲರೂ ಆ ಕಲ್ಲಿನ ಮೇಲೆ ಬರುತ್ತಿದ್ದರು. ಬೆಳಗ್ಗೆ ಚಳಿಜ್ವರಕ್ಕೆ ಕ್ವಿನೈನ್ ಬರೆದ ಕೈಯಲ್ಲೇ ಮಧ್ಯಾಹ್ನ ಹೆಣ ಕುಯ್ಯುವುದು. ಈ ಕೆಲಸವನ್ನು ನನಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಓದುವಾಗ ಮೂರ್ನಾಲ್ಕು ಸಲ ಹಿಂದಿನ ಸಾಲಿನಿಂದ ಇಣುಕಿ ನೋಡಿದ್ದೆ, ಅಷ್ಟೆ. ಉಳಿದದ್ದು ಒಂದು ದಪ್ಪ ಪುಸ್ತಕ. ಅದನ್ನು ಎರಡು ಸಲ ಓದಿದ್ದೆ. ಹಾಗಾಗಿ ನನಗೆ ಎಲ್ಲ ಗೊತ್ತಿತ್ತು.

ಅದು ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲ. ಒಂದು ಬೆಳಗ್ಗೆ ಎಸ್ಟೇಟಿನ ಲಾರಿಯಲ್ಲಿ ಹಲಗೆಯ ಮೇಲೆ ಮಲಗಿಸಿ ಒಬ್ಬ ಹೆಂಗಸಿನ ಹೆಣ ತಂದರು. ವಯಸ್ಸು ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಗಂಡ ಮತ್ತು ನಾಲ್ಕು ವರ್ಷದ ಮಗಳ ಜೊತೆ ಇದ್ದವಳು. ಗಂಡ ಅದೇ ಎಸ್ಟೇಟಿನ ಪಲ್ಪರ್ ಮನೆಯಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ನೋಡಿಕೊಳ್ಳುವವನು. ಹಿಂದಿನ ದಿನ ಮಧ್ಯಾಹ್ನ ಅವನು ಗಂಜಿಗೆ ಮನೆಗೆ ಬಂದಿದ್ದ. ಗಂಡ ಹೆಂಡತಿ ಜೋರಾಗಿ ಜಗಳ ಆಡಿದ್ದನ್ನು ಪಕ್ಕದ ಮನೆಯವರು ಕೇಳಿದ್ದರು. ಅವನು ಬಾಗಿಲು ದಬ್ಬಿಕೊಂಡು ಹೊರಟುಹೋದ. ಐದು ಗಂಟೆಗೆ ತಿರುಗಿ ಬಂದವನು ಕೂಗಿಕೊಂಡ. ಜನ ಓಡಿಬಂದು ನೋಡಿದಾಗ ಹೆಂಡತಿ ಚಾಪೆಯ ಮೇಲೆ ಅಂಗಾತ ಸತ್ತು ಮಲಗಿದ್ದಳು. ಮಗು ಆ ಮಧ್ಯಾಹ್ನವೆಲ್ಲ ಲೈನಿನ ಬೇರೆ ಮಕ್ಕಳ ಜೊತೆ ಹೊರಗೆ ಆಡುತ್ತಿತ್ತು.

ಹೆಣದ ಜೊತೆ ಬಂದ ಸಬ್ ಇನ್ಸ್‌ಪೆಕ್ಟರು ನನಗಿಂತ ಸ್ವಲ್ಪ ದೊಡ್ಡವರು. "ಗಂಡ ಮೂರ್ಛೆರೋಗ ಅಂತಾನೆ, ಡಾಕ್ಟ್ರೇ. ಲೈನಲ್ಲಿ ಒಬ್ರಿಗೂ ಅದು ಗೊತ್ತಿಲ್ಲ. ನೀವು ನೋಡಿ ಹೇಳಿ," ಎಂದರು. ಇಷ್ಟೇ ಅವರು ಹೇಳಿದ್ದು. ಹೆಚ್ಚಿಗೆ ಒಂದು ಮಾತನ್ನೂ ಆಡಲಿಲ್ಲ.

ಮುಖ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ರೆಪ್ಪೆ ಮಗುಚಿ ನೋಡಿದರೆ ಸೂಜಿಯ ಮೊನೆಯಷ್ಟು ಸಣ್ಣ ಸಣ್ಣ ರಕ್ತದ ಚುಕ್ಕೆಗಳು. ನಾಲಿಗೆಯ ಅಂಚು ಹಲ್ಲಿಗೆ ಸಿಕ್ಕಿ ಹರಿದಿತ್ತು. ಕುತ್ತಿಗೆಯ ಮುಂಭಾಗದಲ್ಲಿ ಕಂದುಬಣ್ಣದ ಹರವು, ಅದರ ನಡುವೆ ಬೆರಳಗಲದ ಬಿಳಿಚಿದ ಒಂದು ಗೆರೆ. ಎರಡೂ ತೋಳುಗಳ ಮೇಲೆ ಹಳದಿ-ಹಸಿರು ಬಣ್ಣಕ್ಕೆ ತಿರುಗಿದ ಹಳೆಯ ಮೂಗೇಟು. ಹಿಡಿದ ಬೆರಳುಗಳನ್ನು ಎಣಿಸಬಹುದಿತ್ತು.

ನನಗೆ ಅಲ್ಲೇ ಅರ್ಥವಾಗಿಹೋಯಿತು. ಅರ್ಥವಾದ ಮೇಲೆ ಕತ್ತರಿಸಿದೆ. ಮೊದಲು ಕತ್ತರಿಸಿದ್ದು ಕುತ್ತಿಗೆಯನ್ನೇ. ಚರ್ಮ ಬಿಡಿಸುತ್ತಿದ್ದ ಹಾಗೆ ರಕ್ತ ಒಸರಿತು. ಒಳಗಿನ ಮಾಂಸಖಂಡಗಳ ನಡುವೆ ಕಪ್ಪುಕೆಂಪು ರಕ್ತದ ಮಚ್ಚೆಗಳು ಕಂಡವು. ಗಂಟಲಿನ ಸಣ್ಣ ಮೂಳೆ ಮಾತ್ರ ಮುರಿದಿರಲಿಲ್ಲ. ಹರೆಯದವರಲ್ಲಿ ಆ ಮೂಳೆ ಬಾಗುತ್ತದೆ, ಮುರಿಯಲೇಬೇಕೆಂದಿಲ್ಲ ಎಂದು ಪುಸ್ತಕದಲ್ಲಿತ್ತು. ಬರೆದೆ: ಕೈಯಿಂದ ಕುತ್ತಿಗೆ ಅಮುಕಿದ್ದರಿಂದ ಉಸಿರುಕಟ್ಟಿ ಸಾವು. ತೋಳಿನ ಹಳೆಯ ಗುರುತುಗಳ ಬಣ್ಣ ನೋಡಿ, ಒಂದು ವಾರದ ಹಿಂದೆಯೂ ಹಿಂಸೆ ನಡೆದಿದೆ ಎಂದು ಸೇರಿಸಿದೆ. ಹಾಗೆ ಸೇರಿಸಿದಾಗ ನನಗೆ ಒಳ್ಳೆಯ ಕೆಲಸ ಮಾಡಿದ ಸಮಾಧಾನ ಇತ್ತು. ಆ ಹೆಂಗಸಿನ ಪರವಾಗಿ ಯಾರೋ ಒಬ್ಬರು ಮಾತಾಡಬೇಕಿತ್ತು, ಅದು ನಾನು ಎಂದುಕೊಂಡೆ.

ಶೆಡ್ಡಿನಿಂದ ಹೊರಗೆ ಬಂದಾಗ ಗಂಡ ಇಬ್ಬರು ಪೇದೆಗಳ ನಡುವೆ ಕೂತಿದ್ದ. ಎದ್ದು ನಿಂತು ಕೈಮುಗಿದ.

"ಸಾ, ಅವ್ಳಿಗೆ ಮೂರ್ಛೆ ಬತ್ತಿತ್ತು ಸಾ. ನಾನು ಬಂದಾಗ ಮಂಚದ ಮೇಲೆ ಬೋರ್ಲು ಬಿದ್ದಿದ್ಲು. ತಲೆ ಕೆಳೀಕ್ ನೇತಾಡ್ತಿತ್ತು. ನಾನೇ ಎತ್ತಿ ಚಾಪೆ ಮೇಲೆ ಮಲಗಿಸ್ದೆ ಸಾ."

"ಅದನ್ನೆಲ್ಲ ಪೊಲೀಸಿನವರಿಗೆ ಹೇಳು," ಎಂದು ನಾನು ಕೈತೊಳೆಯಲು ಹೋದೆ.

ಮಡಿಕೇರಿಯ ಕೋರ್ಟಿನಲ್ಲಿ ವಿಚಾರಣೆ ನಡೆದಾಗ ನಾನು ಹೊಸ ಕೋಟು ಹೊಲಿಸಿಕೊಂಡು ಹೋಗಿದ್ದೆ. ಸರ್ಕಾರವೇ ಗೊತ್ತುಮಾಡಿಕೊಟ್ಟ ಒಬ್ಬ ಎಳೆಯ ವಕೀಲ ಅವನ ಪರ ನಿಂತಿದ್ದ. ಪಾಪ, ಅವನಿಗೂ ಇದು ಹೊಸದು. ಮೂಳೆ ಯಾಕೆ ಮುರಿದಿಲ್ಲ ಎಂದು ಕೇಳಿದ; ವಿವರಿಸಿದೆ. ಆಮೇಲೆ, "ಕುತ್ತಿಗೆಯೊಳಗಿನ ಆ ರಕ್ತ ಬೇರೆ ಯಾವುದಾದರೂ ಕಾರಣದಿಂದ ಬಂದಿರಬಹುದೇ?" ಎಂದ.

"ಸಾಧ್ಯವೇ ಇಲ್ಲ," ಎಂದೆ.

ಕಟಕಟೆಯೊಳಗಿಂದ ಗಂಡ ಗಟ್ಟಿಯಾಗಿ ಕೂಗಿದ: "ನಿಮ್ಮತ್ರಾನೇ ಔಷ್ದಿಗ್ ಬಂದಿದ್ಲಲ್ಲ ಡಾಕ್ಟ್ರೇ! ನೆಪ್ಪು ಮಾಡ್ಕಳಿ!"

ನ್ಯಾಯಾಧೀಶರು ಅವನನ್ನು ಸುಮ್ಮನಿರಿಸಿ ನನ್ನ ಕಡೆ ನೋಡಿದರು. ನನಗೆ ನಿಜವಾಗಿಯೂ ನೆನಪಿರಲಿಲ್ಲ. ದಿನಕ್ಕೆ ನೂರು ಜನ ಬರುತ್ತಿದ್ದರು. "ನೆನಪಿಲ್ಲ" ಎಂದೆ. ಅದನ್ನೂ ಅವನ ಇನ್ನೊಂದು ಸುಳ್ಳು ಎಂದೇ ಎಲ್ಲರೂ ತಿಳಿದುಕೊಂಡರು.

ಸತ್ತವಳ ತಾಯಿ ಸಾಕ್ಷಿ ಹೇಳಿದಳು. ಮಗಳಿಗೆ ಮೂರ್ಛೆ ಬರುತ್ತಿದ್ದದ್ದು ತನಗೆ ಗೊತ್ತೇ ಇಲ್ಲ ಎಂದಳು. ಕೂಲಿಯವರ ಹಾಜರಿ ಬರೆಯುವ ಎಸ್ಟೇಟಿನ ರೈಟರೂ ಅದನ್ನೇ ಹೇಳಿದ. ಗಂಡನ ಹೇಳಿಕೆಯಲ್ಲಿ ಅದಕ್ಕೆ ಕಾರಣವೂ ಇತ್ತು: ಮೂರ್ಛೆ ಇದೆ ಎಂದು ಗೊತ್ತಾದರೆ ರೈಟರು ಹೆಸರು ಹೊಡೆದುಹಾಕುತ್ತಾನೆ, ಲೈನು ಬಿಡಬೇಕಾಗುತ್ತದೆ ಎಂದು ಅವಳು ಅದನ್ನು ಬಚ್ಚಿಟ್ಟಿದ್ದಳಂತೆ. ಆ ಮಧ್ಯಾಹ್ನದ ಜಗಳವೂ ಅದಕ್ಕೇ ಅಂತೆ. ಪಿಕ್ಕಿಂಗಿಗೆ ಹೋಗಬೇಡ, ಮರದ ಏಣಿ ಹತ್ತಬೇಡ ಎಂದು ಅವನು, ಹೋಗುತ್ತೇನೆ ಎಂದು ಅವಳು. ತೋಳಿನ ಗುರುತು ಹಿಂದಿನ ವಾರ ಮೂರ್ಛೆ ಬಂದಾಗ ತಾನು ಹಿಡಿದುಕೊಂಡದ್ದು ಎಂದ. ಇದೆಲ್ಲ ಅಚ್ಚುಕಟ್ಟಾಗಿ ಹೆಣೆದ ಕಥೆಯ ಹಾಗೆ ಕೇಳಿಸಿತು. ಹತ್ತು ವರ್ಷ ಶಿಕ್ಷೆಯಾಯಿತು. ಅವನನ್ನು ಘಟ್ಟದ ಕೆಳಗಿನ ದೊಡ್ಡ ಜೈಲಿಗೆ ಕಳಿಸಿದರು. ಮಗುವನ್ನು ಅಜ್ಜಿ ಕರೆದುಕೊಂಡು ಹೋದಳು. ಸರ್ಕಾರಿ ವಕೀಲರು ನನ್ನ ಕೈ ಕುಲುಕಿ, "ಸಾಕ್ಷಿ ಅಂದ್ರೆ ಹೀಗಿರ್ಬೇಕು ನೋಡಿ. ಆದ್ರೆ, ಹೋದ್ರೆ ಅನ್ನೋ ಮಾತೇ ಇಲ್ಲ," ಎಂದರು. ಆ ಮಾತನ್ನು ನಾನು ಮನೆಗೆ ಹೋಗಿ ಅಪ್ಪನಿಗೂ ಹೇಳಿದೆ.

ಒಂದು ವರ್ಷ ಕಳೆದ ಮೇಲೆ ನನಗೆ ಮಡಿಕೇರಿಗೆ ವರ್ಗವಾಯಿತು. ಅಲ್ಲಿ ನನ್ನ ಮೇಲಿದ್ದ ಸರ್ಜನ್ ಒಬ್ಬ ಹಿರಿಯ ಕೊಡವರು. ಯುದ್ಧದ ಕಾಲದಲ್ಲಿ ಸೈನ್ಯದ ಡಾಕ್ಟರಾಗಿದ್ದವರು. ಮಾತು ಕಡಿಮೆ, ಸಿಗರೇಟು ಹೆಚ್ಚು.

ಒಂದು ದಿನ ಅಲ್ಲಿಗೊಬ್ಬ ಗಾಡಿ ಹೊಡೆಯುವವನ ಹೆಣ ಬಂತು. ಅಮ್ಮತ್ತಿಯ ಸಂತೆಯಿಂದ ಬೆಳಗಿನ ಹೊತ್ತು ಗಾಡಿ ಕಟ್ಟಿಕೊಂಡು ಹೊರಟವನು, ಎದೆ ಹಿಡಿದುಕೊಂಡು ಗಾಡಿಯ ಮುಂದಿನ ಹಲಗೆಯ ಮೇಲೆ ಮುಂದಕ್ಕೆ ಮಗುಚಿ ಬಿದ್ದಿದ್ದ. ಸಂತೆಗೆ ಸಂತೆಯೇ ನೋಡಿತ್ತು. ಸತ್ತವನನ್ನು ಪೊಲೀಸರು ಬರುವ ತನಕ ಮುಟ್ಟಬಾರದು ಎಂದು ಯಾರೋ ಹೇಳಿದ್ದರಿಂದ ಎತ್ತು ಬಿಚ್ಚಿ, ಅವನನ್ನು ತಲೆ ಕೆಳಗಾಗಿ ಇದ್ದ ಹಾಗೆಯೇ ಮಧ್ಯಾಹ್ನದವರೆಗೂ ಬಿಟ್ಟಿದ್ದರು. ಸರ್ಜನ್ ನನಗೆ ಕುಯ್ಯಲು ಹೇಳಿ ಕಿಟಕಿಯ ಹತ್ತಿರ ನಿಂತರು. ನಾನು ನನ್ನ ರೂಢಿಯಂತೆ ಕುತ್ತಿಗೆಯಿಂದ ಶುರುಮಾಡಿದೆ. ಚರ್ಮ ಬಿಡಿಸಿದೆ. ಅದೇ ರಕ್ತ. ಮಾಂಸದ ಪದರಗಳ ನಡುವೆ ಅದೇ ಕಪ್ಪುಕೆಂಪು ಮಚ್ಚೆಗಳು. ಮುಖದಲ್ಲಿ ಅದೇ ನೇರಳೆ, ಕಣ್ಣಲ್ಲಿ ಅದೇ ಚುಕ್ಕೆಗಳು.

"ಸಾರ್, ಇವನ ಕುತ್ತಿಗೆ ಅಮುಕಿದ್ದಾರೆ," ಎಂದೆ.

ಅವರು ಹತ್ತಿರ ಬಂದು ನೋಡಿದರು. "ಯಾರು? ಸಂತೆಯವರೆಲ್ಲ ಸೇರಿಯಾ?"

ಬಿಡಿಸಿದ ಚರ್ಮವನ್ನು ಅವರಿಗೆ ಕಾಣುವ ಹಾಗೆ ಇನ್ನಷ್ಟು ಹಿಂದಕ್ಕೆ ಮಡಚಿದೆ.

"ಎಲ್ಲ ಬಿಟ್ಟು ಕುತ್ತಿಗೆ ಯಾಕೆ ಮೊದ್ಲು ಕುಯ್ದೆ ಮಾರಾಯ? ತಲೆಬುರುಡೆ ಬಿಚ್ಚಬೇಕು, ಎದೆ ಬಿಚ್ಚಬೇಕು. ರಕ್ತ ಎಲ್ಲ ಹರಿದುಹೋಗಿ ಕುತ್ತಿಗೆ ಒಣಗಿದ ಮೇಲೆ ಕಡೆಗೆ ಅಲ್ಲಿಗೆ ಕೈ ಹಾಕೋದು. ಇಲ್ಲದಿದ್ರೆ ನೀನು ಕತ್ತಿ ಇಟ್ಟ ಕಡೆಗೆಲ್ಲ ರಕ್ತ ಬರ್ತದೆ, ಅದನ್ನ ಗಾಯ ಅಂತ ಬರೀತಿ."

ಅವರು ಒಂದು ಮಚ್ಚೆಯನ್ನು ಕತ್ತರಿಸಿ ತೆಗೆದು ನೀರಿನಲ್ಲಿ ಅಲುಗಾಡಿಸಿದರು. ಅರ್ಧ ಹೋಯಿತು, ಅರ್ಧ ಉಳಿಯಿತು. "ನೋಡು. ಸತ್ತ ಮೇಲೆ ರಕ್ತ ಬರೇ ಕೆಳಗೆ ಇಳಿದು ನಿಂತದ್ದಾದ್ರೆ ತೊಳೆದ್ರೆ ಹೋಗ್ತದೆ, ಪೆಟ್ಟಿನ ರಕ್ತ ಹೋಗುದಿಲ್ಲ ಅಂತ ಪುಸ್ತಕದಲ್ಲಿ ಉಂಟು. ಆದ್ರೆ ತಲೆ ಕೆಳಗಾಗಿ ಗಂಟೆಗಟ್ಲೆ ಇದ್ರೆ, ಸತ್ತ ಮೇಲೂ ಸಣ್ಣ ನಾಳ ತಾನಾಗೇ ಒಡೀತದೆ. ಅದು ತೊಳೆದ್ರೂ ಹೋಗುದಿಲ್ಲ. ಪೆಟ್ಟಿನ ಹಾಗೇ ಕಾಣ್ತದೆ. ಕಣ್ಣಿನ ಚುಕ್ಕೆಯೂ ಹಾಗೇ ಬರ್ತದೆ. ಆಗ ಎಂಥ ಮಾಡೋದು? ಮೇಲಿನ ಚರ್ಮದಲ್ಲಿ ಉಗುರಿನ ಗೀರು ಉಂಟಾ, ತರಚು ಉಂಟಾ, ಒಳಗಿನ ಗುರುತಿಗೂ ಹೊರಗಿನದಕ್ಕೂ ತಾಳೆ ಆಗ್ತದಾ ನೋಡ್ಬೇಕು. ಎಲ್ಲಕ್ಕಿಂತ ಮೊದ್ಲು ಹೆಣ ಹೇಗೆ ಬಿದ್ದಿತ್ತು ಅಂತ ಕೇಳ್ಬೇಕು."

ನಾನು ಕತ್ತಿ ಕೆಳಗಿಟ್ಟೆ. ತಲೆ ಕೆಳೀಕ್ ನೇತಾಡ್ತಿತ್ತು ಸಾ ಎಂದು ಕೈಮುಗಿದು ನಿಂತಿದ್ದವನ ಧ್ವನಿ ಕಿವಿಗೆ ಬಂತು. ಆ ಹೆಂಗಸಿನ ಕುತ್ತಿಗೆಯ ಮೇಲೆ ಉಗುರಿನ ಗೀರು ಒಂದೂ ಇರಲಿಲ್ಲ. ಬಿಳಿಚಿದ ಆ ಗೆರೆ ಬೆರಳಿನದಲ್ಲ. ರಕ್ತ ಇಳಿದು ನಿಲ್ಲುವಾಗ ಮಂಚದ ಅಂಚು ಒತ್ತಿಕೊಂಡ ಜಾಗ. ಅಲ್ಲಿ ರಕ್ತ ಸೇರಲು ಆಗದೆ ಬಿಳಿ ಉಳಿದಿತ್ತು. ನಾಲಿಗೆ ಕಚ್ಚಿದ್ದು ಮೂರ್ಛೆಯಲ್ಲಿ. ತೋಳಿನ ಗುರುತುಗಳಿಗೆ ಹಿಂಸೆ ಎಂದು ಹೆಸರಿಟ್ಟವನು ನಾನು. ಹಿಡಿದ ಕೈ ಯಾತಕ್ಕೆ ಹಿಡಿಯಿತು ಎಂಬುದು ಮೂಗೇಟಿನ ಬಣ್ಣದಲ್ಲಿ ಕಾಣುವುದಿಲ್ಲ.

ಮಾರನೆಯ ದಿನ ರಜೆ ಹಾಕಿ ಸಿದ್ದಾಪುರದ ಬಸ್ಸು ಹತ್ತಿದೆ. ನನ್ನ ಹಳೆಯ ಆಸ್ಪತ್ರೆಗೆ ಹೋಗಿ ಹೊರರೋಗಿಗಳ ಹಳೆಯ ರಿಜಿಸ್ಟರುಗಳನ್ನು ತೆಗೆಸಿದೆ. ಕಾಂಪೌಂಡರು, "ಏನ್ ಹುಡುಕ್ತಿದ್ದೀರಿ ಸಾರ್, ನಾನೂ ನೋಡ್ಲಾ?" ಎಂದ. ಬೇಡ ಎಂದೆ. ಅವಳು ಸಾಯುವ ನಾಲ್ಕು ತಿಂಗಳ ಹಿಂದಿನ ಪುಟದಲ್ಲಿ ಅವಳ ಹೆಸರು, ಎಸ್ಟೇಟಿನ ಹೆಸರು ಸಿಕ್ಕಿತು. ನನ್ನದೇ ಅಕ್ಷರ: ನಾಲಿಗೆಯ ಅಂಚಿನಲ್ಲಿ ಗಾಯ, ತಲೆಸುತ್ತು. ಬಾಯಿ ಮುಕ್ಕಳಿಸುವ ಔಷಧ, ಟಾನಿಕ್.

ನಾಲಿಗೆ ಹೇಗೆ ಕಚ್ಚಿಕೊಂಡೆ ಎಂದು ನಾನು ಆ ದಿನ ಕೇಳಿದ್ದೆನೋ ಇಲ್ಲವೋ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲವೇನೋ. ಕೋರ್ಟಿನಲ್ಲಿ ಅವನು ಕೂಗಿದಾಗ ಈ ರಿಜಿಸ್ಟರು ಇಲ್ಲೇ, ಇದೇ ಬೀರುವಿನಲ್ಲಿತ್ತು. ತೆಗೆದು ನೋಡಬೇಕೆಂದು ನನಗೆ ಅನಿಸಲಿಲ್ಲ.

ಆ ಪುಟದ ನಕಲು ಮಾಡಿಸಿ, ನನ್ನ ವರದಿ ತಪ್ಪು ಎಂದು ಬರೆದು ಇಲಾಖೆಗೆ ಕೊಟ್ಟೆ. ಮೇಲಿನ ಅಧಿಕಾರಿಯೊಬ್ಬರು ಕರೆಸಿದರು. ಕುರ್ಚಿ ತೋರಿಸಿದರು, ಬಯ್ಯಲಿಲ್ಲ.

"ನಿಮ್ಮ ಒಂದು ಕೇಸು ತಪ್ಪು ಅಂತ ನೀವೇ ಒಪ್ಕೊಂಡ್ರೆ, ನಾಳೆ ನಿಮ್ಮ ಎಲ್ಲಾ ಕೇಸಿಗೂ ವಕೀಲ್ರು ಇದನ್ನ ತಂದು ಹಿಡೀತಾರೆ. ಯೋಚ್ನೆ ಮಾಡಿದ್ದೀರಾ?"

"ಆ ಮನುಷ್ಯ ಒಳಗಿದ್ದಾನಲ್ಲ ಸಾರ್."

"ಅಪೀಲಿಗೆ ಅವನೇ ಹೋಗ್ಲಿಲ್ಲವಲ್ಲ," ಎಂದರು.

ಅಪೀಲು ಎಂದರೇನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವಧಿಯೂ ಮೀರಿತ್ತು. ಸರ್ಜನ್ ನನ್ನ ಪತ್ರದ ಕೆಳಗೆ ತಮ್ಮ ಅಭಿಪ್ರಾಯ ಬರೆದು ಸಹಿ ಹಾಕಿದರು. ಹಿಂದೆ ಕೋರ್ಟಿನಲ್ಲಿ ನನ್ನನ್ನು ಪ್ರಶ್ನಿಸಿದ್ದ ಅದೇ ಎಳೆಯ ವಕೀಲನನ್ನು ಹುಡುಕಿಕೊಂಡು ಹೋಗಿ ಸರ್ಕಾರಕ್ಕೆ ಅರ್ಜಿ ಬರೆಸಿದೆ. ಅವನು ನನ್ನನ್ನು ನೋಡಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಸಾಧ್ಯವೇ ಇಲ್ಲ ಅಂದಿದ್ರಿ ಸಾರ್. ನಾನೂ ನಂಬಿಬಿಟ್ಟೆ," ಎಂದ. ಅರ್ಜಿ ಮೇಜಿನಿಂದ ಮೇಜಿಗೆ ಓಡಾಡಿ, ಒಂದೂವರೆ ವರ್ಷ ತಿಂದು, ಕಡೆಗೆ ಆದೇಶವಾಗಿ ಬಂತು. ಉಳಿದ ಶಿಕ್ಷೆಯನ್ನು ಕ್ಷಮಿಸಲಾಗಿದೆ ಎಂದಿತ್ತು. ಅವನು ತಪ್ಪು ಮಾಡಿಲ್ಲ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಮಾಡದ ಕೊಲೆಗೆ ಅವನಿಗೆ ಕ್ಷಮೆ ಸಿಕ್ಕಿತ್ತು.

ಬಿಡುಗಡೆಯಾಗಿ ಬಂದವನು ನನ್ನನ್ನು ಹುಡುಕಿಕೊಂಡು ಆಸ್ಪತ್ರೆಗೆ ಬಂದ. ಅರ್ಜಿ ಹಾಕಿಸಿದ್ದು ನಾನು ಎಂದು ವಕೀಲ ಹೇಳಿದ್ದನಂತೆ. ತಲೆ ಪೂರ್ತಿ ನರೆತಿತ್ತು. ಹೊಡೆಯಬಹುದು ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

"ಮಗೂನ ಕೊಡ್ತಿಲ್ಲ ಸಾ ಅವ್ರು," ಎಂದ. "ನೀವ್ ಬಂದು ಒಂದ್ ಮಾತು ಹೇಳಿ."

ಅಜ್ಜಿಯ ಊರು ಕಾವೇರಿಯ ದಡದಲ್ಲಿ, ದುಬಾರೆಗೆ ಈಚೆ. ಮುಂದಿನ ಭಾನುವಾರ ಇಬ್ಬರೂ ಹೋದೆವು. ಅವನು ಬೇಲಿಯ ಹೊರಗೇ ನಿಂತ. ನನ್ನನ್ನು ಕಂಡದ್ದೇ ಅಜ್ಜಿ ಓಡಿಬಂದು ಕಾಲಿಗೆ ಬಿದ್ದಳು. ನಾನು ಹಿಂದೆ ಸರಿಯುವಷ್ಟು ಹೊತ್ತೂ ಕೊಡಲಿಲ್ಲ. ಒಳಗೆ ಕರೆದು ಚಾಪೆ ಹಾಸಿ, ಬೆಲ್ಲದ ಕಾಫಿ ತಂದಿಟ್ಟಳು.

"ನೀವಿಲ್ದಿದ್ರೆ ನನ್ ಮಗಳ ಸಾವ್ಗೆ ನ್ಯಾಯವೇ ಸಿಕ್ತಿರ್ಲಿಲ್ಲ ಸ್ವಾಮಿ. ದಿನಾ ದೇವ್ರ ಮುಂದೆ ನಿಮ್ಮನ್ನ ನೆನೀತೀನಿ," ಎಂದಳು.

ನಾನು ಕಾಫಿ ಮುಟ್ಟದೆ ಹೇಳಿದೆ. ಹೆಣ ಬಿದ್ದಿದ್ದ ರೀತಿ, ರಕ್ತ ಇಳಿದು ನಿಲ್ಲುವುದು, ಕಚ್ಚಿದ ನಾಲಿಗೆ, ರಿಜಿಸ್ಟರು ಎಲ್ಲ ಹೇಳಿದೆ. ಅವಳ ಮಗಳು ಯಾರ ಕೈಯಿಂದಲೂ ಸತ್ತದ್ದಲ್ಲ, ತಪ್ಪು ನನ್ನದು ಎಂದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಮುಖ ನಿಧಾನವಾಗಿ ಗಟ್ಟಿಯಾಯಿತು.

"ಅವತ್ತು ದೇವ್ರ ಮೇಲೆ ಪ್ರಮಾಣ ಮಾಡಿ ಹೇಳಿದ್ರಲ್ಲ, ಅದು ಸುಳ್ಳಾ? ಇಲ್ಲಾ ಇವತ್ತು ಹೇಳೋದು ಸುಳ್ಳಾ?"

"ಅವತ್ತು ನಾನು ತಿಳಿಯದೆ ಹೇಳಿದ್ದು."

"ತಿಳೀದಿದ್ರೆ ತಿಳೀದು ಅನ್ಬೇಕಿತ್ತು. ಈಗ ಅವ್ನ ಕೈಗೆ ಏನ್ ಕಾಗ್ದ ಕೊಟ್ಟವ್ರೆ? ಕ್ಷಮಿಸಿದೀವಿ ಅಂತ. ಮಾಡ್ದೆ ಇರೋನ್ನ ಯಾರಾದ್ರೂ ಕ್ಷಮಿಸ್ತಾರಾ? ಅವ್ನು ನಿಮಗೆ ಏನ್ ಕೊಟ್ಟ ಹೇಳಿ."

ಬಾಗಿಲ ಸಂದಿಯಲ್ಲಿ ಹುಡುಗಿ ನಿಂತಿದ್ದಳು. ಆಗ ಏಳೆಂಟು ವರ್ಷ. ಬೇಲಿಯ ಹೊರಗೆ ನಿಂತವನು ಅವಳ ಹೆಸರು ಹಿಡಿದು ಕರೆದ. ಅವಳು ಅಜ್ಜಿಯ ಸೆರಗಿನ ಹಿಂದೆ ಹೋಗಿ, ಎರಡೂ ಕೈಯಿಂದ ತನ್ನ ಕುತ್ತಿಗೆ ಮುಚ್ಚಿಕೊಂಡಳು. ಅದನ್ನು ಅವನು ನೋಡಿದ. ನಾನೂ ನೋಡಿದೆ. ಅವನು ಇನ್ನೊಂದು ಸಲ ಕರೆಯಲಿಲ್ಲ.

ಬಸ್ಸಿನ ರಸ್ತೆಯವರೆಗೆ ನಡೆದೆವು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಒಂದು ಮೋರಿಯ ಕಟ್ಟೆಯ ಮೇಲೆ ಕೂತ ಮೇಲೆ ಅವನು ಕೇಳಿದ: "ಅವ್ಳು ಹೆಂಗ್ ಸತ್ಲು ಸಾ? ನಿಜವಾಗ್ಲೂ?"

ಮೂರ್ಛೆ ಬಂದು ಬೋರಲಾಗಿ ಬಿದ್ದು, ಕುತ್ತಿಗೆ ಮಂಚದ ಅಂಚಿಗೆ ಒತ್ತಿಕೊಂಡೋ, ತಲೆ ಕೆಳಗಾದದ್ದರಿಂದಲೋ ಉಸಿರು ನಿಂತಿರಬೇಕು ಎಂದೆ. ಅವನು ಅದನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ಮಾಡಿ ನೋಡುತ್ತಿದ್ದ.

"ಅಂಗಾದ್ರೆ ನಾನು ಜಗಳ ಆಡಿ ಹೋಗ್ದೆ ಮನೇಲೇ ಇದ್ದಿದ್ರೆ? ತಿರುಗಿಸಿ ಮಲಗಿಸಿದ್ರೆ ಬದುಕ್ತಿದ್ಲಾ?"

ಬದುಕುತ್ತಿದ್ದಳು. ಬಹುಪಾಲು ಬದುಕುತ್ತಿದ್ದಳು. ಜೈಲಿನಲ್ಲಿದ್ದಷ್ಟು ದಿನ ಅವನಿಗೆ ತಾನು ಏನೂ ಮಾಡಿಲ್ಲ ಎಂಬುದೊಂದಾದರೂ ಇತ್ತು. ಅದನ್ನೂ ನಾನು ಕಿತ್ತುಕೊಳ್ಳುವುದರಲ್ಲಿದ್ದೆ.

"ಗೊತ್ತಿಲ್ಲ," ಎಂದೆ.

ಕೋರ್ಟಿನಲ್ಲಿ ಆಡಬೇಕಿದ್ದ ಮಾತನ್ನು ಮೋರಿಯ ಕಟ್ಟೆಯ ಮೇಲೆ ಆಡಿದೆ. ಅವನು ತಲೆಯಾಡಿಸಿದ. ನಂಬಲಿಲ್ಲ ಎಂದು ನನಗೆ ಗೊತ್ತಾಯಿತು.

ಬಸ್ಸು ಬಂದಾಗ ಅವನು ಹತ್ತಲಿಲ್ಲ. ಆಮೇಲೆ ತಿಳಿಯಿತು, ದುಬಾರೆಯ ಆನೆ ಕ್ಯಾಂಪಿನ ಕಡೆ ಮರ ಎಳೆಸುವ ಕೆಲಸಕ್ಕೆ ಸೇರಿಕೊಂಡಿದ್ದನಂತೆ. ಮಗಳ ಊರಿಗೆ ಹತ್ತಿರ ಎಂದು. ಅವಳು ಶಾಲೆಗೆ ಹೋಗುವ ದಾರಿಯಲ್ಲಿ ಅವನನ್ನು ಕಂಡರೆ ರಸ್ತೆಯ ಆ ಪಕ್ಕಕ್ಕೆ ದಾಟುತ್ತಿದ್ದಳು ಎಂದು ಫಾರೆಸ್ಟ್ ಗಾರ್ಡ್ ಒಬ್ಬರು ನನಗೆ ಹೇಳಿದರು. ಕೊಡಗು ಮೈಸೂರಿಗೆ ಸೇರಿದ ಮೇಲೂ ಅವನು ಅಲ್ಲೇ ಇದ್ದ. ನಾನು ಹೆಣ ಕುಯ್ಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನನ್ನ ಜಾಗಕ್ಕೆ ಪುಸ್ತಕ ಎರಡು ಸಲ ಓದಿದ ಇನ್ನೊಬ್ಬ ಬರುತ್ತಿದ್ದ. ವರದಿಗಳಲ್ಲಿ "ಇರಬಹುದು," "ಖಚಿತವಾಗಿ ಹೇಳಲಾಗದು" ಎಂದು ಬರೆಯತೊಡಗಿದೆ. ಸರ್ಕಾರಿ ವಕೀಲರು ನನ್ನನ್ನು ಸಾಕ್ಷಿಗೆ ಕರೆಯಲು ಹಿಂಜರಿಯುತ್ತಿದ್ದರು. ಇವರಿಂದ ಕೇಸು ನಿಲ್ಲುವುದಿಲ್ಲ ಎಂದು ಕೋರ್ಟಿನ ವರಾಂಡದಲ್ಲಿ ಅವರು ಒಬ್ಬರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ನಾನು ಕೇಳಿಸದವನಂತೆ ಹೊರಗೆ ಹೋದೆ.